ಬಾಡೆನ್ನಿನಲ್ಲಿ ನಾಲ್ಕನೆಯವಳು

ಸ್ವಿಟ್ಜರ್‌ಲೆಂಡ್ ಎಂದ ಕೂಡಲೇ ನಮ್ಮ ಕಡೆಯವರಿಗೆ ಹಿಮದ ಬೆಟ್ಟ, ಚಾಕೊಲೇಟು, ಗಡಿಯಾರ, ಸಿನಿಮಾ ಹಾಡು ನೆನಪಾಗುತ್ತವೆ. ಬಾಡೆನ್ ಅಂಥ ಊರಲ್ಲ. ಜ್ಯೂರಿಕ್‌ನಿಂದ ರೈಲಿನಲ್ಲಿ ಸುಮಾರು 20 ನಿಮಿಷದ ದಾರಿ. ನಡುವೆ ಲಿಮ್ಮಾಟ್ ಎಂಬ ಹಸಿರು ನೀರಿನ ಹೊಳೆ, ಅದರ ಮೇಲೆ ಮನೆಯಂತೆ ಸೂರು ಹೊದಿಸಿದ ಹಳೆಯ ಮರದ ಸೇತುವೆ, ಗುಡ್ಡದ ತುದಿಯಲ್ಲಿ ಸ್ಟೈನ್ ಎಂಬ ಪಾಳು ಕೋಟೆ. ಇಷ್ಟಾದರೆ ಊರು ನೋಡಿದಂತೆಯೇ. 1891ರಲ್ಲಿ ಬ್ರೌನ್ ಮತ್ತು ಬೊವೆರಿ ಎಂಬಿಬ್ಬರು ಇಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆ ಆರಂಭಿಸಿದರು. ಅಂದಿನಿಂದ ಇದು ಎಂಜಿನಿಯರುಗಳ ಊರು. ನನ್ನ ಮಗನೂ ಅಂಥದೇ ಕೆಲಸ ಹಿಡಿದು ಇಲ್ಲಿಗೆ ಬಂದವನು. ಸಂಜೆ ಹೊತ್ತು ರೈಲು ನಿಲ್ದಾಣದಲ್ಲಿ ನಿಂತರೆ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ.

ಸ್ವಿಟ್ಜರ್‌ಲೆಂಡಿನ ಒಳಗೇ ಓಡಿದ ಮೊದಲ ರೈಲು ಜ್ಯೂರಿಕ್ ಮತ್ತು ಈ ಊರಿನ ನಡುವಿನದು, 1847ರಲ್ಲಿ. ಜನ ಅದಕ್ಕೆ ಇಟ್ಟ ಹೆಸರು ‘ಸ್ಪಾನಿಶ್ ಬ್ರೋಟ್ಲಿ ರೈಲು’. ಸ್ಪಾನಿಶ್ ಬ್ರೋಟ್ಲಿ ಎಂದರೆ ನಮ್ಮ ಚಿರೋಟಿಯ ಹಾಗೆ ಪದರು ಪದರಾದ, ಬೆಣ್ಣೆ ಹಾಕಿದ ಒಂದು ತಿಂಡಿ. ಬಾಡೆನ್ನಿನಲ್ಲಿ ಮಾಡಿದ ಬ್ರೋಟ್ಲಿಯೇ ಬೆಳಗಿನ ಕಾಫಿಗೆ ಬೇಕೆಂದು ಜ್ಯೂರಿಕ್‌ನ ಸಿರಿವಂತರು ನಡುರಾತ್ರಿಯಲ್ಲೇ ಆಳುಗಳನ್ನು ನಡೆಸಿಕೊಂಡು ಕಳಿಸುತ್ತಿದ್ದರಂತೆ. ರೈಲು ಬಂದ ಮೇಲೆ ಮುಕ್ಕಾಲು ಗಂಟೆಯ ಕೆಲಸವಾಯಿತು. ತಿಂಡಿಯ ಹೆಸರಿನ ರೈಲು! ಮದ್ದೂರು ವಡೆಯ ಹೆಸರಿನಲ್ಲಿ ಒಂದು ಗಾಡಿ ನಮ್ಮಲ್ಲೂ ಓಡಬಹುದಿತ್ತು.

ಊರಿನ ನಿಜವಾದ ಆಸ್ತಿ ನೆಲದಡಿಯಿಂದ ಉಕ್ಕುವ ಬಿಸಿನೀರು. 47 ಡಿಗ್ರಿ ಶಾಖ, ಗಂಧಕದ ವಾಸನೆ. ರೋಮನ್ನರ ಕಾಲದಿಂದಲೂ ಕೈಕಾಲು ನೋವಿನವರು ಇಲ್ಲಿಗೆ ಬರುತ್ತಿದ್ದಾರೆ. ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ ಕೂಡ ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆ ಮದ್ದೆಂದು ವರ್ಷ ವರ್ಷ ಇಲ್ಲಿಗೆ ಬಂದು, ಆ ಅನುಭವವನ್ನೇ ಒಂದು ಪುಸ್ತಕ ಮಾಡಿದರು. ಹೊಳೆಯ ದಂಡೆಯಲ್ಲಿ ದುಡ್ಡಿಲ್ಲದೆ ಕಾಲು ಇಳಿಬಿಟ್ಟು ಕೂರಬಹುದಾದ ಬಿಸಿನೀರಿನ ತೊಟ್ಟಿಗಳಿವೆ. ಮೇ ತಿಂಗಳ ಒಂದು ಬೆಳಗ್ಗೆ ನನ್ನ ಮಂಡಿಗೂ ಸ್ವಲ್ಪ ಉಪಕಾರವಾಗಲೆಂದು ಹೋಗಿ ಕುಳಿತಿದ್ದಾಗ, ಪಕ್ಕದಲ್ಲೇ ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜಿ ಕುಳಿತಿದ್ದರು. ವಯಸ್ಸು 84. ನನಗೆ ಅವರ ಜರ್ಮನ್ ಬಾರದು, ಅವರಿಗೆ ನನ್ನ ಇಂಗ್ಲಿಷ್ ಸಾಲದು. ಇಬ್ಬರೂ ನೀರು ನೋಡಿಕೊಂಡು ಕುಳಿತೆವು. ಅವರ ಕಣ್ಣು ಕೆಂಪಾಗಿತ್ತು.

ಮಧ್ಯಾಹ್ನ ಶಾಲೆಯಿಂದ ಬಂದ ಮೊಮ್ಮಗಳು ಕಾರಣ ಹೇಳಿದಳು. ಅಜ್ಜಿಯ ಮನೆಯಲ್ಲಿ ಎರಡು ಗಿನಿ ಪಿಗ್ ಇದ್ದವು, ಅಕ್ಕತಂಗಿಯರು. ಹಿಂದಿನ ದಿನ ಅಕ್ಕ ತೀರಿಕೊಂಡಿತ್ತು. ಉಳಿದದ್ದು ತಂಗಿ. ಅದರ ಹೆಸರು ಫ್ಲೋಕ್ಲಿ. ಆ ಭಾಷೆಯಲ್ಲಿ ಹಿಮದ ಚಕ್ಕೆಯಂಥದ್ದು ಎಂದು ಅರ್ಥ. ಅಲ್ಲಿನ ಜನ ಮುದ್ದಿನ ವಸ್ತುಗಳಿಗೆಲ್ಲ ಹೀಗೆ ಕೊನೆಯಲ್ಲಿ ಒಂದು ‘ಲಿ’ ಅಂಟಿಸುತ್ತಾರೆ. ನಾವು ಪುಟ್ಟಿ, ಚಿನ್ನಿ ಎನ್ನುವ ಹಾಗೆ.

ಗಿನಿ ಪಿಗ್ಗಿನ ವಿಷಯದಲ್ಲಿ ನನ್ನ ಮೊಮ್ಮಗಳು ಒಂಬತ್ತನೇ ವಯಸ್ಸಿಗೇ ಪಂಡಿತೆ. ನೆಲಮಾಳಿಗೆಯ ಅವರ ಮನೆಯ ಹಜಾರದಲ್ಲಿ ಕಾಲುಭಾಗ ಜಾಗ ಮೂರು ಪ್ರಾಣಿಗಳಿಗೆ ಮೀಸಲು. ಬೆಲ್ಲ ಎಂಬುವಳು ಕಂದು ಬಣ್ಣದ ಹಿರಿಯಳು, ಐದು ವರ್ಷ, ಮನೆಯ ಯಜಮಾನಿ. ಗುಂಡ ಒಬ್ಬನೇ ಗಂಡು, ಮರಿ ಆಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು, ಊಟ ಬಿಟ್ಟರೆ ಬೇರೆ ಚಿಂತೆ ಇಲ್ಲ. ಕಡಲೆ ಎರಡು ವರ್ಷದ ಹುಡುಗಿ, ಅಂಚುಕಟ್ಟಿನ ಆಚೆ ಏನಿದೆಯೆಂದು ದಿನವಿಡೀ ಇಣುಕುವವಳು. ಹೆಸರುಗಳು ಮೊಮ್ಮಗಳವೇ. ಶಾಲೆಯ ಸ್ನೇಹಿತರು ‘ಕಡಲೆ’ ಅನ್ನಲು ನಾಲಿಗೆ ತಿರುಗಿಸುವುದನ್ನು ಕೇಳುವುದೇ ಒಂದು ತಮಾಷೆ.

ಮಕ್ಕಳೇ, ಈ ಪ್ರಾಣಿಯ ಹೆಸರಿನಷ್ಟು ಗೋಜಲು ಇನ್ನೊಂದಿಲ್ಲ. ಇದು ಹಂದಿಯೂ ಅಲ್ಲ, ಆಫ್ರಿಕಾದ ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳ ಬಳಗದ ದಂಶಕ. ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ನಾವು ಕೋಳಿ ಸಾಕಿದಂತೆ ಇದನ್ನು ಅಡುಗೆಮನೆಯ ಮೂಲೆಯಲ್ಲಿ ಸಾಕಿದರು. ಇಂದಿಗೂ ಹಬ್ಬದೂಟಕ್ಕೆ ಬಳಸುತ್ತಾರೆ. ಅವರು ಕರೆಯುವುದು ‘ಕುಯ್’ ಎಂದು. ಅದರ ಕೂಗನ್ನು ಒಮ್ಮೆ ಕೇಳಿದವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆಂದು ಗೊತ್ತಾಗುತ್ತದೆ. ಜರ್ಮನ್ನರು ‘ಸಮುದ್ರದ ಪುಟ್ಟ ಹಂದಿ’ ಎನ್ನುತ್ತಾರೆ, ಕಡಲು ದಾಟಿ ಬಂದದ್ದರಿಂದ ಇರಬೇಕು. ಫ್ರೆಂಚರಂತೂ ‘ಇಂಡಿಯಾದ ಹಂದಿ’ ಎಂದುಬಿಟ್ಟಿದ್ದಾರೆ! ಅಮೆರಿಕವನ್ನೇ ಇಂಡಿಯಾ ಎಂದುಕೊಂಡ ಕೊಲಂಬಸ್‌ನ ಕಾಲದ ಎಡವಟ್ಟು ಈ ಬಡಪಾಯಿಯ ಬೆನ್ನಿಗೂ ಅಂಟಿದೆ. ಇದರ ಕಾಡಿನ ಪೂರ್ವಜ ಎಂದು ವಿಜ್ಞಾನಿಗಳು ಬೆರಳು ತೋರಿಸುವ ಪ್ರಾಣಿಯ ಹೆಸರಿನಲ್ಲಿ ಒಬ್ಬ ಸ್ವಿಸ್ ಮನುಷ್ಯನಿದ್ದಾನೆ. 19ನೇ ಶತಮಾನದಲ್ಲಿ ಪೆರು ದೇಶ ಸುತ್ತಿದ ಯೋಹಾನ್ ಯಾಕೋಬ್ ಫಾನ್ ಚೂಡಿ ಎಂಬ ಪ್ರಕೃತಿ ವಿಜ್ಞಾನಿ ಅವನು. ಹೀಗಾಗಿ ಸ್ವಿಸ್ಸರಿಗೂ ಇದಕ್ಕೂ ಹಳೆಯ ನಂಟು.

‘ನಮ್ಮನ್ನು ಗಿನಿ ಪಿಗ್ ಮಾಡಿಕೊಂಡರು’ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವಲ್ಲ, ಅದು ಪ್ರಯೋಗಶಾಲೆಯಿಂದ ಬಂದ ಮಾತು. ಮನುಷ್ಯರ ಹಾಗೆ ಇವುಗಳ ಮೈಗೂ ಸಿ ಜೀವಸತ್ವ ತಯಾರಿಸಿಕೊಳ್ಳಲು ಬಾರದು. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳು ಬರೀ ಧಾನ್ಯ ತಿಂದ ಗಿನಿ ಪಿಗ್‌ಗಳಿಗೆ ನಾವಿಕರ ಒಸಡು ರಕ್ತದ ರೋಗವೇ ಬಂದದ್ದನ್ನು ಕಂಡರು. ಸಿ ಜೀವಸತ್ವ ಪತ್ತೆಯಾಗಲು ಅದು ದಾರಿಯಾಯಿತು. ಆದ್ದರಿಂದಲೇ ನಮ್ಮ ಬೆಲ್ಲ, ಗುಂಡ, ಕಡಲೆಯರಿಗೆ ದಿನಾ ಒಂದೊಂದು ಹೋಳು ದಪ್ಪ ಮೆಣಸಿನಕಾಯಿ ಕಡ್ಡಾಯ. ಮಿಕ್ಕಂತೆ ಹಗಲು ರಾತ್ರಿ ಒಣಹುಲ್ಲು. ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದಗಿದು ಸವೆಸಬೇಕು.

ಫ್ಲೋಕ್ಲಿಯ ವಿಷಯಕ್ಕೆ ಬರುತ್ತೇನೆ. ಆ ದೇಶದಲ್ಲಿ ಒಂದು ಗಿನಿ ಪಿಗ್ಗನ್ನು ಒಂಟಿಯಾಗಿ ಸಾಕುವ ಹಾಗಿಲ್ಲ. ಕತೆಯಲ್ಲ, ಕಾನೂನು. 2008ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಾಣಿರಕ್ಷಣಾ ನಿಯಮದ ಪ್ರಕಾರ, ಗುಂಪಿನಲ್ಲಿ ಬಾಳುವ ಸ್ವಭಾವದ ಪ್ರಾಣಿಗಳಿಗೆ ತಮ್ಮ ಜಾತಿಯ ಜೊತೆ ಸಿಗಲೇಬೇಕು. ಗಿನಿ ಪಿಗ್ ಕನಿಷ್ಠ ಎರಡು ಇರಬೇಕು. ಗಿಳಿಗಳಿಗೂ ಹಾಗೆಯೇ. ಕುದುರೆಗೆ ಇನ್ನೊಂದು ಕುದುರೆಯ ನೋಟ, ದನಿ, ವಾಸನೆ ಸಿಗುವಂತಿರಬೇಕು. ಮನುಷ್ಯ ಎಷ್ಟೇ ಮುದ್ದು ಮಾಡಲಿ, ಮೊಲವನ್ನೇ ತಂದು ಪಕ್ಕದಲ್ಲಿ ಬಿಡಲಿ, ಅದು ಲೆಕ್ಕಕ್ಕಿಲ್ಲ. ಇದನ್ನು ಮೊದಲು ಕೇಳಿದವರು ನಗುತ್ತಾರೆ. ಎರಡು ದಿನ ಫ್ಲೋಕ್ಲಿಯನ್ನು ನೋಡಿದವರು ನಗುವುದಿಲ್ಲ. ಮನೆಯ ಮೂಲೆಗೆ ಮುಖ ಮಾಡಿ ಕುಳಿತಿತ್ತು. ಹುಲ್ಲಿನ ರಾಶಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಅಜ್ಜಿಯ ಕಷ್ಟ ಏನೆಂದರೆ, ಜೊತೆಗೆ ಇನ್ನೊಂದನ್ನು ತರಲು ಅವರು ಒಪ್ಪಲಿಲ್ಲ. ಅವರ ಲೆಕ್ಕ ಸರಳ. ಫ್ಲೋಕ್ಲಿಗೆ ನಾಲ್ಕು ವರ್ಷ. ಗಿನಿ ಪಿಗ್ ಬದುಕುವುದು ಐದರಿಂದ ಎಂಟು ವರ್ಷ. ಹೊಸದಾಗಿ ಮರಿ ತಂದರೆ, ಫ್ಲೋಕ್ಲಿ ಹೋದ ಮೇಲೆ ಆ ಮರಿ ಒಂಟಿ. ಅದಕ್ಕೊಂದು ಜೊತೆ ತರಬೇಕು. ಆ ಜೊತೆಗೆ ಇನ್ನೊಂದು. ಸರಪಳಿ ಮುಗಿಯುವುದೇ ಇಲ್ಲ. ‘ನಾನು ಮಾತ್ರ ಮುಗಿಯುತ್ತೇನೆ’ ಎಂದು ಅಜ್ಜಿ ನಗುತ್ತಲೇ ಅಂದರು. ಮೊಮ್ಮಗಳು ಅದನ್ನು ನನಗೆ ಕನ್ನಡಕ್ಕೆ ತಿರುಗಿಸಿ ಹೇಳಿ, ‘ಅಂದರೆ ಏನು ತಾತ?’ ಎಂದು ಕೇಳಿದಳು. ಅಜ್ಜಿಗೆ ವಯಸ್ಸಾಗಿದೆಯಲ್ಲ, ಅದಕ್ಕೆ ಎಂದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಅವಧಿ ಠೇವಣಿಗಳ ಮುಕ್ತಾಯದ ದಿನಾಂಕ ಬರೆದವನು ನಾನು. ಆ ಲೆಕ್ಕ ಇನ್ನೊಬ್ಬರು ವಿವರಿಸಬೇಕಾಗಿರಲಿಲ್ಲ.

ಈ ಸರಪಳಿಯ ತಲೆನೋವಿಗೆ ಅಲ್ಲಿನವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಬಾಡಿಗೆ ಗಿನಿ ಪಿಗ್! ಜ್ಯೂರಿಕ್ ಪ್ರಾಂತ್ಯದ ಹಾಡ್ಲಿಕೋನ್ ಎಂಬ ಹಳ್ಳಿಯ ಒಬ್ಬ ಹೆಂಗಸು ಒಂಟಿಯಾದ ಪ್ರಾಣಿಗೆ ಕೊನೆಗಾಲದ ಸಂಗಾತಿಯಾಗಿ ತಮ್ಮಲ್ಲಿನ ಒಂದನ್ನು ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ಏರ್ಪಾಡು ಮಾಡಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದರು. ಒಳ್ಳೆಯ ಏರ್ಪಾಡೇ. ಆದರೆ ಅಜ್ಜಿ ತಲೆಯಾಡಿಸಿದರು. ಫ್ಲೋಕ್ಲಿ ಹೋದ ದಿನವೇ ಬಂದದ್ದನ್ನೂ ಹಿಂದಿರುಗಿಸಿ, ಒಂದೇ ದಿನ ಎರಡನ್ನು ಕಳಿಸುವುದು ತಮ್ಮಿಂದಾಗದು ಎಂದರು. ಮೊಮ್ಮಗಳು ಅಪ್ಪನ ಮುಖ ನೋಡಿದಳು. ಸೊಸೆ ಹಜಾರದಲ್ಲಿ ಇನ್ನೆಷ್ಟು ಜಾಗ ಉಳಿದಿದೆಯೆಂದು ನೋಡಿದಳು. ಹೀಗೆ ಫ್ಲೋಕ್ಲಿ ಮೂರನೇ ಮಹಡಿಯಿಂದ ಕೆಳಗಿಳಿಯುವುದೆಂದು ನಿರ್ಧಾರವಾಯಿತು.

ತಂದು ಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಗಿನಿ ಪಿಗ್‌ಗಳು ಸ್ನೇಹಜೀವಿಗಳು ನಿಜ, ಆದರೆ ತಮ್ಮವರ ಜೊತೆ. ಹೊಸಬರು ಬಂದರೆ ಮೇಲು ಕೆಳಗಿನ ಶ್ರೇಣಿಯೆಲ್ಲ ಮತ್ತೆ ತೀರ್ಮಾನವಾಗಬೇಕು. ಸಾಮಾನ್ಯವಾಗಿ ಹೊಸ ಪ್ರಾಣಿಯನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿ ಇಟ್ಟು ರೋಗವಿಲ್ಲವೆಂದು ಖಚಿತ ಮಾಡಿಕೊಂಡೇ ಸೇರಿಸಬೇಕು. ಇಲ್ಲಿ ಅಷ್ಟು ಕಾಯುವಂತಿರಲಿಲ್ಲ. ಗಿನಿ ಪಿಗ್ ಒಂದು ದಿನ ಪೂರ್ತಿ ಉಪವಾಸ ಬಿದ್ದರೆ ಕರುಳಿನ ಚಲನೆಯೇ ನಿಂತು ಜೀವಕ್ಕೆ ಅಪಾಯ. ಅಜ್ಜಿ ಎರಡು ದಿನ ಕೈಯಿಂದಲೇ ಎಲೆ ತಿನ್ನಿಸಿ ಹೇಗೋ ನಡೆಸಿದ್ದರು. ಪಶುವೈದ್ಯೆ ಚರ್ಮ, ಕಿವಿ, ಹಲ್ಲು, ಉಸಿರು ಎಲ್ಲ ನೋಡಿದರು. ವರ್ಷಗಳಿಂದ ಹೊರಗಿನ ಯಾವ ಪ್ರಾಣಿಯನ್ನೂ ಮುಟ್ಟಿಲ್ಲದ್ದರಿಂದ ರೋಗ ತರುವ ಭಯಕ್ಕಿಂತ ಒಂಟಿತನದ ಭಯವೇ ಹೆಚ್ಚು, ಶನಿವಾರವೇ ಸೇರಿಸಿ ಎಂದರು. ಹೊಸದು ಹೆಣ್ಣಾದದ್ದು ಅನುಕೂಲ. ಗಂಡಾಗಿದ್ದರೆ ಗುಂಡ ಸುಮ್ಮನಿರುತ್ತಿರಲಿಲ್ಲ. ಒಂದು ಚಿಕಿತ್ಸೆಯಾದ ಗಂಡು, ಸುತ್ತ ಹೆಣ್ಣುಗಳು, ಇದೇ ಎಲ್ಲಕ್ಕಿಂತ ನೆಮ್ಮದಿಯ ಸಂಸಾರವಂತೆ.

ಸೇರಿಸುವುದಕ್ಕೆ ಮೊದಲು ನಡುವೆ ಜಾಲರಿ ಇಟ್ಟು ವಾಸನೆ ಅಭ್ಯಾಸ ಮಾಡಿಸಬೇಕು ಎನ್ನುವವರು ಇದ್ದಾರೆ. ಜಾಲರಿಯಿಂದ ಸಿಟ್ಟು ಹೆಚ್ಚುತ್ತದೆ, ಬೇಡ ಎನ್ನುವವರೂ ಇದ್ದಾರೆ. ಎರಡನೆಯ ಮಾತೇ ನನಗೆ ಸರಿ ಕಂಡಿತು. ಬೇಲಿಯ ಆಚೀಚೆ ನಿಂತವರು ಮಾತಾಡಿ ಮುಗಿಸಿದ್ದಕ್ಕಿಂತ ಬೈದು ಮುಗಿಸಿದ್ದೇ ಹೆಚ್ಚು, ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತು.

ಮುಖ್ಯವಾದದ್ದು ಜಾಗ. ಹಳೆಯವರ ಗೂಡಿಗೇ ಹೊಸಬಳನ್ನು ಇಳಿಸಿದರೆ ಅವಳು ಕಳ್ಳಿ. ಅದಕ್ಕೆ ಯಾರದೂ ಅಲ್ಲದ ನೆಲ ಬೇಕು. ಮೂವರೂ ಎಂದೂ ಕಾಲಿಡದ ಊಟದ ಕೋಣೆಯ ಮೇಜು ಕುರ್ಚಿ ಹೊರಗೆ ಹೋದವು. ನೆಲಕ್ಕೆ ಹಳೆಯ ದುಪ್ಪಟಿಗಳು. ನಡುವೆ ಒಂದಲ್ಲ, ನಾಲ್ಕು ಕಡೆ ಹುಲ್ಲಿನ ಗುಡ್ಡೆ. ಒಂದೇ ಕಡೆ ಇಟ್ಟರೆ ಯಜಮಾನಿ ಅದರ ಮೇಲೇ ಕೂತುಬಿಡುತ್ತಾಳೆ. ಅಡಗಲು ರಟ್ಟಿನ ಪೆಟ್ಟಿಗೆಗಳು ಐದು, ಅಂದರೆ ತಲೆಗೊಂದರಂತೆ ನಾಲ್ಕು, ಮೇಲೊಂದು. ಪ್ರತಿಯೊಂದಕ್ಕೂ ಎರಡೆರಡು ಬಾಗಿಲು ಕೊರೆದದ್ದು ನಾನು. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿಬಿದ್ದವರು ತಪ್ಪಿಸಿಕೊಳ್ಳಲಾರರು. ಜಗಳ ಕಚ್ಚಾಟಕ್ಕೆ ತಿರುಗುವುದು ಅಲ್ಲೇ. ಒಂದು ದಪ್ಪ ಟವೆಲ್ ಕೈಗೆಟಕುವಂತೆ ಇತ್ತು. ಕಾದಾಡುವ ಗಿನಿ ಪಿಗ್‌ಗಳ ನಡುವೆ ಬರಿಗೈ ಹಾಕಿದರೆ ಬೆರಳು ಉಳಿಯುವುದಿಲ್ಲ.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅಜ್ಜಿ ಒಂದು ಬುಟ್ಟಿಯಲ್ಲಿ ಫ್ಲೋಕ್ಲಿಯನ್ನು ಎತ್ತಿಕೊಂಡು ಬಂದರು. ಬಿಳಿ, ಎಡಗಿವಿ ಮಾತ್ರ ಕಪ್ಪು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು: 812 ಗ್ರಾಂ. ಅಕ್ಕ ಬದುಕಿದ್ದಾಗ 870 ಇತ್ತೆಂದು ಅಜ್ಜಿಯ ಕ್ಯಾಲೆಂಡರಿನಲ್ಲಿ ಬರೆದಿತ್ತು. ಮೊಮ್ಮಗಳ ಹತ್ತಿರ ಪ್ರತಿ ಭಾನುವಾರ ತೂಕ ಬರೆಯುವ ಪುಸ್ತಕವಿದೆ. ಬಾಯಿಲ್ಲದ ಪ್ರಾಣಿಯ ಕಾಯಿಲೆ ಮೊದಲು ಕಾಣುವುದು ತೂಕದಲ್ಲೇ. ಆ ಪುಸ್ತಕಕ್ಕೆ ನಾಲ್ಕನೆಯ ಅಂಕಣ ಎಳೆದುಕೊಡು ಎಂದಳು. ಸ್ಕೇಲಿಟ್ಟು ಎಳೆದುಕೊಟ್ಟೆ. ಹೆಸರು ಮಾತ್ರ ಅವಳು ಬರೆಯಲಿಲ್ಲ. ‘ಇವಳು ಇಲ್ಲೇ ಇರುತ್ತಾಳೆ ಅಂತ ಗೊತ್ತಾದ ಮೇಲೆ ಬರೀತೀನಿ’ ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡಳು. ಸೇರದಿದ್ದರೆ ಫ್ಲೋಕ್ಲಿಗೆ ಅಪರಿಚಿತ ಊರಿನ ಪ್ರಾಣಿಧಾಮವೇ ಗತಿ ಎನ್ನುವುದು ಅವಳಿಗೂ ಗೊತ್ತಿತ್ತು.

ಮೊದಲು ಫ್ಲೋಕ್ಲಿಯನ್ನು ಬಿಟ್ಟು, ಹತ್ತು ನಿಮಿಷ ಅವಳಿಗೆ ನೆಲ ಮೂಸಲು ಕೊಟ್ಟು, ಆಮೇಲೆ ಮೂವರನ್ನೂ ಒಟ್ಟಿಗೆ ಬಿಟ್ಟದ್ದಾಯಿತು. ಗುಂಡ ಹುಲ್ಲಿಗೆ ಬಾಯಿ ಹಾಕಿದ. ಆಮೇಲೆ ತಲೆಯೆತ್ತಿ ನೋಡಿದವನೇ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತ, ಗಂಟಲಲ್ಲಿ ‘ಗುರ್ರ್ ಗುರ್ರ್’ ಎಂದು ಶ್ರುತಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಫ್ಲೋಕ್ಲಿಯ ಸುತ್ತ ಬಂದ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಹಾಗೆಯೇ! ಇದು ಅವರ ಕುಲದ ಗಂಡುಗಳ ಸ್ವಾಗತ ನೃತ್ಯ. ಅಜ್ಜಿ ಕೂಡ ನಕ್ಕರು.

ಬೆಲ್ಲ ನಗುವ ಪೈಕಿಯಲ್ಲ. ದೂರದಿಂದಲೇ ಕತ್ತಿನ ಕೂದಲು ನಿಮಿರಿಸಿ ಹಲ್ಲು ಕಟಕಟಿಸಿದಳು. ಆ ಸದ್ದು ಒಳ್ಳೆಯದಲ್ಲ, ಎಚ್ಚರಿಕೆ ಎಂದು ಅರ್ಥ. ಮುಂದೆ ನಡೆದದ್ದು ಕೋಣೆಯ ಸುತ್ತ ಓಟ. ಫ್ಲೋಕ್ಲಿ ಮುಂದೆ, ಬೆಲ್ಲ ಹಿಂದೆ, ಅವರ ಹಿಂದೆ ಏನೆಂದು ತಿಳಿಯದೆ ಕಡಲೆ. ಹಿಂದಿನಿಂದ ಮೂಸುವುದು, ಮೂತಿಯಿಂದ ತಳ್ಳುವುದು, ಬೆನ್ನ ಮೇಲೇರುವುದು, ಒಂದು ಹಿಡಿ ಕೂದಲು ಕಿತ್ತದ್ದೂ ಆಯಿತು. ಬಿಳಿ ಕೂದಲು ದುಪ್ಪಟಿಯ ಮೇಲೆ ಹಾರಿ ಬಿದ್ದಾಗ ಮೊಮ್ಮಗಳು ಟವೆಲ್ಲಿಗೆ ಕೈ ಹಾಕಿದಳು. ಅವಳ ಅಪ್ಪ ತಡೆದ. ರಕ್ತ ಬಂದರೆ ಮಾತ್ರ ಬಿಡಿಸಬೇಕು, ಸುಮ್ಮಸುಮ್ಮನೆ ನಡುವೆ ಎತ್ತಿದರೆ ನಾಳೆ ಮೊದಲಿಂದ ಶುರು. ದೊಡ್ಡವರಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ, ಕೈ ಕಟ್ಟಿಕೊಂಡು ನೋಡುತ್ತ ಕೂರುವುದು. ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತು ಖಾಲಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

ಅರ್ಧ ಗಂಟೆಯ ಮೇಲೆ ಇಬ್ಬರೂ ಮೂಗಿಗೆ ಮೂಗು ಕೊಟ್ಟು ನಿಂತರು. ಬೆಲ್ಲ ಮೂತಿ ಮೇಲೆತ್ತಿದಳು. ಫ್ಲೋಕ್ಲಿಯೂ ಎತ್ತಿದಳು. ಇನ್ನಷ್ಟು, ಇನ್ನಷ್ಟು, ಆಕಾಶ ನೋಡುವವರ ಹಾಗೆ. ಈ ಜಾತಿಯಲ್ಲಿ ಯಾರ ಮೂಗು ಮೇಲೋ ಅವರು ದೊಡ್ಡವರು, ಮೊದಲು ಇಳಿಸಿದವರು ಸೋತಂತೆ. ಕೊನೆಗೆ ಫ್ಲೋಕ್ಲಿ ‘ಕುಂಯ್’ ಎಂದು ಸಣ್ಣಗೆ ಕೂಗಿ ತಲೆ ತಗ್ಗಿಸಿದಳು. ಬೆಲ್ಲ ಮರುಕ್ಷಣವೇ ತಿರುಗಿ ಏನೂ ಆಗದವಳಂತೆ ಹುಲ್ಲು ತಿನ್ನತೊಡಗಿದಳು. ಸೋತವರನ್ನು ಮತ್ತೆ ಮತ್ತೆ ಸೋಲಿಸುವ ಚಟ ಅವುಗಳಿಗಿಲ್ಲ. ನನಗೆ ಇದು ಬಹಳ ಹಿಡಿಸಿತು.

ಜಗಳ ನಿಂತಿತು. ಆದರೆ ಫ್ಲೋಕ್ಲಿ ಕೋಣೆಯ ಕೊನೆಯ ಪೆಟ್ಟಿಗೆಯೊಳಗೆ ಸೇರಿ ಕಲ್ಲಿನಂತೆ ಕುಳಿತುಬಿಟ್ಟಳು. ಹನ್ನೆರಡಾಯಿತು, ಎರಡಾಯಿತು. ಸೌತೆಕಾಯಿ ಇಟ್ಟರೂ ಮೂಸಲಿಲ್ಲ. ಸಂಜೆಯೊಳಗೆ ತಿನ್ನದಿದ್ದರೆ ವೈದ್ಯೆಯ ಬಳಿ ಹೋಗಿ ಗಂಜಿಯಂಥ ಆಹಾರವನ್ನು ಪಿಚಕಾರಿಯಿಂದ ಬಾಯಿಗೆ ಹಾಕಬೇಕಾಗುತ್ತಿತ್ತು. ಮಗ ಫೋನ್ ಕೈಯಲ್ಲೇ ಹಿಡಿದಿದ್ದ. ನಮ್ಮ ಮನೆಗಳಲ್ಲಿ ಹೊಸ ಸೊಸೆ ಬಂದಾಗ, ಹೊಸ ಊರಿನ ಶಾಲೆಗೆ ಮಗು ಸೇರಿದಾಗ ಆಗುವಂಥದೇ ಒಂದು ಮೌನ ಆ ಕೋಣೆಯಲ್ಲಿತ್ತು.

ಮೂರೂವರೆಯ ಸುಮಾರಿಗೆ ಕಡಲೆ ಒಂದು ಉದ್ದ ಹುಲ್ಲಿನ ಎಳೆ ಕಚ್ಚಿಕೊಂಡು, ಅದನ್ನು ಎಳೆಯುತ್ತಲೇ ಆ ಪೆಟ್ಟಿಗೆಯ ಹಿಂಬಾಗಿಲಿನಿಂದ ಒಳಗೆ ಹೋದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ಒಳಗಿನಿಂದ ಹಲ್ಲಿನ ಕಟಕಟ ಬರಲಿಲ್ಲ. ಬಂದದ್ದು ಹುಲ್ಲು ಅಗಿಯುವ ಸದ್ದು. ಮೊಮ್ಮಗಳು ನೆಲದ ಮೇಲೆ ಹೊಟ್ಟೆಯೂರಿ ಮಲಗಿ ಬಾಗಿಲಲ್ಲಿ ಇಣುಕಿದಳು. ಎರಡು ಬೆರಳು ಎತ್ತಿ ನಮಗೆ ತೋರಿಸಿದಳು. ಇಬ್ಬರೂ ತಿನ್ನುತ್ತಿದ್ದರು. ಒಂದೇ ಎಳೆಯ ಎರಡು ತುದಿ ಎಂದು ಆಮೇಲೆ ಅವಳು ಹೇಳಿದ್ದಕ್ಕೆ ಸ್ವಲ್ಪ ಉಪ್ಪುಖಾರ ಬೆರೆತಿರಬಹುದು. ಗುಂಪಿನ ಪ್ರಾಣಿ ಇನ್ನೊಂದು ತಿನ್ನುವುದನ್ನು ನೋಡಿಯೇ ತಿನ್ನುತ್ತದೆ. ಮನುಷ್ಯರ ಕೈ ಎಷ್ಟು ಚಾಚಿದರೂ ಈ ಕೆಲಸಕ್ಕೆ ಬರುವುದಿಲ್ಲ. ಅಜ್ಜಿ ಬುಟ್ಟಿಯನ್ನು ಕೆಳಗಿಟ್ಟು ಒಂದು ಲೋಟ ನೀರು ಕೇಳಿದರು.

ರಾತ್ರಿ ಮೂಲಗೂಡಿಗೆ ಸಾಗಿಸುವ ಮುನ್ನ ಸೊಸೆ ಅದನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಒರೆಸಿ, ಹೊಸ ಹಾಸು ಹಾಕಿ, ಗೂಡು ಬಟ್ಟಲುಗಳ ಜಾಗವನ್ನೆಲ್ಲ ಬದಲಿಸಿದ್ದಳು. ಹಳೆಯ ವಾಸನೆ, ಹಳೆಯ ಮೂಲೆ ಯಾವುದೂ ಉಳಿಯಬಾರದು. ಆದರೂ ಬೆಲ್ಲ ಭಾನುವಾರ ಇಡೀ ದಿನ ಇನ್ನೊಂದು ಸುತ್ತು ಅಟ್ಟಾಡಿಸಿದಳು. ಆ ದೇಶದಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಖಾಲಿ ಬಾಟಲಿ ಡಬ್ಬಿಗೆ ಹಾಕುವುದು, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು ಎಲ್ಲ ನಿಷೇಧ. ನಮ್ಮ ಹಜಾರದಲ್ಲಿ ಮಾತ್ರ ನಾಲ್ಕು ಗಂಟಲುಗಳಿಗೆ ಆ ಕಾನೂನು ಅನ್ವಯಿಸಲಿಲ್ಲ. ತೂಕ 806ಕ್ಕೆ ಇಳಿದಿತ್ತು. ಮೊಮ್ಮಗಳು ಸಂಖ್ಯೆ ಬರೆದಳು, ಹೆಸರಿನ ಜಾಗ ಇನ್ನೂ ಖಾಲಿ. ಸೋಮವಾರ ಅಟ್ಟಾಟ ಕಡಿಮೆಯಾಯಿತು. ಬುಧವಾರ ಬೆಳಗ್ಗೆ ನಾನು ಹಲ್ಲುಜ್ಜಲು ಎದ್ದಾಗ ಕಡಲೆ ಮತ್ತು ಫ್ಲೋಕ್ಲಿ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ್ದರು. ಒಂದು ಮೊಳ ದೂರದಲ್ಲಿ ಬೆಲ್ಲ ಕಾಲು ಚಾಚಿ ಮಲಗಿದ್ದಳು. ಗಿನಿ ಪಿಗ್ ಕಾಲು ಚಾಚಿ ಮಲಗಿತೆಂದರೆ ಅಲ್ಲಿ ಭಯವಿಲ್ಲ ಎಂದು ಲೆಕ್ಕ. ಅದರ ಸಂಜೆ ಫ್ಲೋಕ್ಲಿ ನಿಂತಲ್ಲೇ ನಾಲ್ಕೂ ಕಾಲು ನೆಲ ಬಿಟ್ಟು ಚಂಗನೆ ಹಾರಿದಳು, ಬಾಣಲೆಯ ಜೋಳದ ಅರಳಿನಂತೆ. ಖುಷಿಯಾದಾಗ ಅವು ಹೀಗೆ ಹಾರುತ್ತವೆ.

ನಮ್ಮ ಊರುಗಳಲ್ಲೂ ಈಗ ಈ ಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಮೊಮ್ಮಕ್ಕಳು ಹಟ ಹಿಡಿದರೆ ಕಾನೂನು ಇಲ್ಲದಿದ್ದರೂ ಎರಡು ತನ್ನಿ, ಮತ್ತು ಎರಡೂ ಹೆಣ್ಣೋ ಗಂಡೋ ನೋಡಿ ತನ್ನಿ. ಇಲ್ಲವಾದರೆ ಕೆಲವೇ ತಿಂಗಳಲ್ಲಿ ಆರಾಗುತ್ತವೆ. ಮರಿಗಳು ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತವೆ. ಬೇಸಿಗೆಯ ಸೆಕೆ ಇವುಗಳಿಗೆ ಆಗದು, ತಂಪು ಜಾಗವಿರಲಿ. ಈರುಳ್ಳಿ, ಆಲೂಗಡ್ಡೆ ಕೊಡಬಾರದು. ಕೊತ್ತಂಬರಿ ಸೊಪ್ಪು ಕೊಟ್ಟರೆ ಸಂತೋಷ.

ಅಜ್ಜಿಯ ಮನೆಗೆ ಒಮ್ಮೆ ಹೋಗಿದ್ದೆ, ಫ್ಲೋಕ್ಲಿಯ ನೀರಿನ ಬಾಟಲಿ ತರಲು. ಗೂಡು ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕಿದ್ದರು. ನನಗೆ ಹಣ್ಣಿನ ರಸ ಕೊಡಲೆಂದು ಫ್ರಿಜ್ಜಿನ ಬಾಗಿಲು ತೆರೆದವರು ಹಾಗೇ ಒಂದು ಕ್ಷಣ ನಿಂತರು. ಆ ಬಾಗಿಲಿನ ಸದ್ದಿಗೆ ಗಿನಿ ಪಿಗ್‌ಗಳು ಸೊಪ್ಪು ಬಂತೆಂದು ಮನೆ ಹಾರಿಹೋಗುವಂತೆ ಕೂಗುತ್ತವೆ. ನಾಲ್ಕು ವರ್ಷ ಅವರು ಆ ಕೂಗಿಲ್ಲದೆ ಫ್ರಿಜ್ ತೆರೆದೇ ಇರಲಿಲ್ಲ. ಈಗ ಮೋಟಾರಿನ ಗುಂಯ್ ಮಾತ್ರ. ಅವರು ನನ್ನ ಕಡೆ ತಿರುಗಿ ಕಿವಿ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದರು. ಇದಕ್ಕೆ ತರ್ಜುಮೆ ಬೇಕಾಗಲಿಲ್ಲ.

ಮೇ ತಿಂಗಳಲ್ಲಿ ಅಲ್ಲಿನ ಹುಲ್ಲುಗಾವಲುಗಳೆಲ್ಲ ದಂಡೇಲಿಯನ್ ಹೂವಿನಿಂದ ಅರಿಸಿನ ಚೆಲ್ಲಿದಂತಿರುತ್ತವೆ. ಎಲೆಯ ಅಂಚು ಗರಗಸದಂತೆ ಇರುವುದರಿಂದ ಜರ್ಮನ್ ಹೆಸರು ‘ಸಿಂಹದ ಹಲ್ಲು’. ಮರುವಾರದಿಂದ ಅಜ್ಜಿ ದಿನಾ ನಾಲ್ಕು ಗಂಟೆಗೆ ಹೊಳೆಯ ಕಡೆ ನಡೆದು, ಅದೇ ಬುಟ್ಟಿಯಲ್ಲಿ ಆ ಎಲೆ ತುಂಬಿಕೊಂಡು ನಮ್ಮ ಬಾಗಿಲಿಗೆ ಬರುವುದು ರೂಢಿಯಾಯಿತು. ಕೆಲವು ದಿನ ನಾನೂ ಜೊತೆಗೆ ಹೋಗಿ ಬಾಗಿ ಕಿತ್ತೆ. ಅವರು ಒಂದೊಂದು ಗಿಡದ ಹೆಸರು ಹೇಳುವುದು, ನಾನು ಕನ್ನಡದಲ್ಲಿ ಏನೋ ಒಂದು ಹೇಳುವುದು, ಇಬ್ಬರೂ ತಲೆಯಾಡಿಸುವುದು. ಹತ್ತು ದಿನದಲ್ಲಿ ಮೆಟ್ಟಿಲ ಮೇಲೆ ಅವರ ಊರುಗೋಲಿನ ಸದ್ದಿಗೇ ನಾಲ್ಕೂ ಎದ್ದು ನಿಂತು ‘ಕುಯ್ ಕುಯ್’ ಎಂದು ಕಟ್ಟಡ ಎಬ್ಬಿಸುತ್ತಿದ್ದವು. ಅಜ್ಜಿ ಬಾಗಿಲ ಹೊರಗೇ ನಿಂತು, ಬೆಲ್ ಒತ್ತದೆ, ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡು ಆಮೇಲೆ ಒಳಗೆ ಬರುತ್ತಿದ್ದರು.

ನಾನು ಊರಿಗೆ ಹೊರಡುವ ಹಿಂದಿನ ಭಾನುವಾರ ತೂಕದ ದಿನ. ಬೆಲ್ಲ 905, ಗುಂಡ 1,140, ಕಡಲೆ 830. ಫ್ಲೋಕ್ಲಿ ತಕ್ಕಡಿಯಲ್ಲಿ ನಿಲ್ಲದೆ ಕುಣಿದಳು, ಮೂರು ಸಲ ತೂಗಬೇಕಾಯಿತು: 868. ಮೊಮ್ಮಗಳು ನಾಲ್ಕನೆಯ ಅಂಕಣದ ತಲೆಯ ಮೇಲೆ ಹೆಸರು ಬರೆದಳು, ಒಂದು ಸಲ ಜರ್ಮನ್ ಲಿಪಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ. ‘ಫ್ಲೋ’ಗೆ ಒತ್ತಕ್ಷರ ಹೇಗೆ ಎಂದು ನನ್ನನ್ನು ಕೇಳಿ ಬರೆದಳು. ಅಷ್ಟರಲ್ಲಿ ಅಜ್ಜಿ ಹಿಡಿದಿದ್ದ ಮೊದಲ ಸಿಂಹದ ಹಲ್ಲನ್ನು ಎಂದಿನಂತೆ ಬೆಲ್ಲ ಕಿತ್ತುಕೊಂಡು ಓಡಿದ್ದಳು.